ಹೆಂಚಿನ ಸಂದಿಯ ಬಾವಲಿಗಳ ಕೂಗು: ರೆಕಾರ್ಡಿಂಗ್ ಇದೆ, ಗುರುತಿಸಲು ಸಹಾಯ ಬೇಕು

ಕಕ್ಕಬ್ಬೆ_ತೋಟ · ಏಪ್ರಿಲ್ 19, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮನೆಗೆ ತಾಗಿಕೊಂಡೇ ಹಳೇ ಗೋಡೌನ್ ಇದೆ, ಮಂಗಳೂರು ಹೆಂಚಿನ ಮಾಡು. ಆ ಹೆಂಚಿನ ಸಂದಿಯಲ್ಲಿ ಸಣ್ಣ ಬಾವಲಿಗಳಿವೆ, ಹೆಬ್ಬೆರಳಿನಷ್ಟು ಮೈ. ಅವ್ವ ಮದುವೆಯಾಗಿ ಈ ಮನೆಗೆ ಬಂದಾಗಲೇ ಇದ್ದುವಂತೆ.

ಹೋದ ವರ್ಷ ಒಂದು ಆಡಿಯೋಮಾತ್ ತರಿಸಿಕೊಂಡೆ, ನಮ್ಮ ಕಿವಿಗೆ ಕೇಳದಷ್ಟು ಎತ್ತರದ ದನಿಯನ್ನೂ ಹಿಡಿಯುವ ಪುಟ್ಟ ರೆಕಾರ್ಡರ್ ಅದು. ಈ ಸಲ ಹೂಮಳೆ ಮುಗಿದ ಮೇಲೆ ಹತ್ತು ದಿನದಿಂದ, ಸಂಜೆ 6ರಿಂದ 9ರವರೆಗೆ, ಗೋಡೌನ್ ಕಿಟಕಿಯ ಸರಳಿಗೆ ಕಟ್ಟಿ ರೆಕಾರ್ಡ್ ಮಾಡ್ತಿದ್ದೇನೆ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯುತ್ತದೆ ಅನ್ನೋದು) 192 ಕಿಲೋಹರ್ಟ್ಸ್. ಎಕೋಲೊಕೇಶನ್ ಕರೆಗಳು, ಅಂದರೆ ಪ್ರತಿಧ್ವನಿ ಕೇಳಿ ದಾರಿ, ಹುಳ ಹುಡುಕೋಕೆ ಹಾಕುವ ಕರೆಗಳು, ಚೆನ್ನಾಗಿಯೇ ಸಿಕ್ಕಿವೆ. ಸ್ಪೆಕ್ಟ್ರೋಗ್ರಾಂ (ದನಿಯನ್ನು ಗೆರೆಗಳಾಗಿ ತೋರಿಸುವ ಚಿತ್ರ) ತೆಗೆದರೆ ಹಾಕಿ ಸ್ಟಿಕ್ ಸಾಲಾಗಿ ನಿಲ್ಲಿಸಿದ ಹಾಗೆ ಕಾಣ್ತವೆ, 42 ಕಿಲೋಹರ್ಟ್ಸ್ ಹತ್ತಿರ ಬಲ ಜಾಸ್ತಿ.

ನನಗೆ ಅರ್ಥವಾಗದ್ದು ಬೇರೆ ಎರಡು ದನಿ. ಮೊದಲನೆಯದು ಆ ಸಾಲಿನ ನಡುವೆ ಆಗೊಮ್ಮೆ ಈಗೊಮ್ಮೆ ಬರುತ್ತದೆ. ನಾಲ್ಕು ಗೀರು ಒಂದರ ಪಕ್ಕ ಒಂದು, ಬೆಕ್ಕು ಪರಚಿದ ಹಾಗೆ, 35ರಿಂದ 18 ಕಿಲೋಹರ್ಟ್ಸ್‌ವರೆಗೆ ಇಳಿಯುತ್ತವೆ. ಎರಡನೆಯದು ದೊಡ್ಡವೆಲ್ಲ ಹಾರಿಹೋದ ಮೇಲೆ ಶುರುವಾಗುತ್ತದೆ. ಡೊಂಕುಡೊಂಕಾದ ಒಂದೇ ಗೆರೆ, 20 ಕಿಲೋಹರ್ಟ್ಸ್ ಆಸುಪಾಸು, ಮತ್ತೆ ಮತ್ತೆ ಅದೇ. ಗುರುತಿಸುವ ಪ್ರೋಗ್ರಾಂಗೆ ಹಾಕಿದೆ. ಮೊದಲನೆಯದಕ್ಕೆ ‘ನಾಕ್ಟ್ಯೂಲ್’ ಅಂತ ಹೆಸರು ಕೊಟ್ಟಿತು. ಎರಡನೆಯದನ್ನು ಬರೀ ಗದ್ದಲ ಅಂತ ಪಕ್ಕಕ್ಕೆ ಹಾಕಿತು.

ಅವಸರ ಯಾಕೆಂದರೆ, ಚಿಕ್ಕಪ್ಪ ಮೇ ಮೊದಲ ವಾರದಲ್ಲಿ ಹೆಂಚು ಕೈಯಾಡಿಸಿ ಸಂದಿಗಳಿಗೆಲ್ಲ ಸಿಮೆಂಟ್ ತುಂಬಿಸಬೇಕು ಅಂತಿದ್ದಾರೆ. ಮಳೆಗಾಲಕ್ಕೆ ಮೊದಲು ಆಗಲೇಬೇಕಾದ ಕೆಲಸ ಅದು. ಆ ಎರಡನೇ ದನಿ ಮರಿಗಳದ್ದೇ ಆಗಿದ್ದರೆ ಏನು ಮಾಡೋದು?

ರಾತ್ರಿಕಿವಿ_ಮೈಸೂರು · ಏಪ್ರಿಲ್ 20, ಬೆಳಿಗ್ಗೆ 6.15

ಫೈಲುಗಳನ್ನು ರಾತ್ರಿಯೇ ಇಳಿಸಿಕೊಂಡು ನೋಡಿದೆ ಮೇಡಂ. ಮೊದಲು ಆ ನಾಕ್ಟ್ಯೂಲ್ ಹೆಸರು ಅಳಿಸಿ. ಅದು ಯುರೋಪಿನ ದೊಡ್ಡ ಬಾವಲಿ, ಕೊಡಗಿನಲ್ಲಿ ಇಲ್ಲ. ಈ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಪಾಠ ಕಲಿತದ್ದು ಯುರೋಪ್, ಅಮೆರಿಕದ ಬಾವಲಿಗಳಿಂದ, ಅದೂ ಅವುಗಳ ಎಕೋಲೊಕೇಶನ್ ಕರೆಗಳಿಂದ. ನಾಕ್ಟ್ಯೂಲ್ 20 ಕಿಲೋಹರ್ಟ್ಸ್ ಸುತ್ತಮುತ್ತ ಕೂಗುತ್ತದೆ. ನಮ್ಮ ಸಣ್ಣ ಬಾವಲಿ ಇನ್ನೊಂದನ್ನು ಗದರಿದ ದನಿಯೂ ಅಲ್ಲಿಗೇ ಬಂದು ಬಿದ್ದರೆ ಯಂತ್ರ ಅದನ್ನು ದೊಡ್ಡ ಬಾವಲಿ ಎಂದೇ ಎಣಿಸುತ್ತದೆ. ನಾನೂ ಹೀಗೆ ಒಂದಿಡೀ ಸೀಸನ್ನಿನ ಪಟ್ಟಿ ತಿದ್ದಿದ್ದೇನೆ.

ಎಕೋಲೊಕೇಶನ್ ಕರೆ ಬಾವಲಿ ತನ್ನ ಕಿವಿಗೇ ಹಾಕಿಕೊಳ್ಳುವ ಕರೆ. ತಾಳ ತಪ್ಪದೆ ಬರುತ್ತದೆ, ಹುಳ ಸಿಕ್ಕಾಗ ಮಾತ್ರ ಒತ್ತೊತ್ತಾಗಿ ಓಡುತ್ತದೆ. ಆ ಓಟವನ್ನು ಸೋಶಿಯಲ್ ಕಾಲ್ ಅಂದುಕೊಳ್ಳುವವರು ತುಂಬ ಜನ. ನಿಮ್ಮ 7.12ರ ಫೈಲಿನಲ್ಲಿರುವುದು ಅದೇ, ಅದು ಬೇಟೆ. ಸೋಶಿಯಲ್ ಕಾಲ್ ಇನ್ನೊಂದು ಬಾವಲಿಯ ಕಿವಿಗಾಗಿ ಹಾಕಿದ್ದು. ಫ್ರೀಕ್ವೆನ್ಸಿ ಏರಿದಷ್ಟೂ ದನಿಯನ್ನು ಗಾಳಿ ಬೇಗ ಹೀರಿಬಿಡುತ್ತದೆ. ಹಾಗಾಗಿ ದೂರ ಮುಟ್ಟಬೇಕಾದ ಕರೆ ತಗ್ಗಿನಲ್ಲಿರುತ್ತದೆ, ಉದ್ದ ಇರುತ್ತದೆ, ತಾಳಕ್ಕೆ ಸಿಗುವುದಿಲ್ಲ.

ಅದು ಯಾರ ಕರೆ ಅಂತ ಹೇಗೆ ಹೇಳೋದು? ನಾನು ನಂಬುವ ದಾರಿ ಒಂದೇ: ಆ ಕರೆಯ ಹಿಂದೆ ಮುಂದೆ ಏನಿದೆ ನೋಡಿ. ಹಾಕಿ ಸ್ಟಿಕ್ ಸಾಲು ಒಂದೇ ಜೋರಿನಲ್ಲಿ ಬರುತ್ತಿದೆ, ನಡುವೆ ಆ ನಾಲ್ಕು ಗೀರು ಅದೇ ಜೋರಿನಲ್ಲಿ ಬಿದ್ದಿದೆ, ಆಮೇಲೆ ಸಾಲು ಅದೇ ತಾಳದಲ್ಲಿ ಮುಂದುವರಿದಿದೆ ಅಂದರೆ ಮೂರೂ ಒಂದೇ ಬಾವಲಿಯದು. ಎರಡು ಬಾವಲಿ ಒಟ್ಟಿಗೆ ಹಾದುಹೋಗಿದ್ದರೆ ಆ ಫೈಲನ್ನು ಗುರುತಿಸೋಕೆ ಬಳಸಬೇಡಿ. ನಿಮ್ಮ 16ನೇ ತಾರೀಖಿನ ಫೈಲು ತುಂಬ ಶುದ್ಧವಾಗಿದೆ. ಪಿಪಿಸ್ಟ್ರೆಲ್ (ಹುಳ ತಿನ್ನುವ ಪುಟ್ಟ ಬಾವಲಿಗಳು) ಗುಂಪಿನ ಬಾವಲಿ ಅಂತ ಧೈರ್ಯವಾಗಿ ಬರೆಯಬಹುದು. ಅದಕ್ಕಿಂತ ಮುಂದೆ ಹೋಗಿ ಆ ಗುಂಪಿನ ಸಿಲೋನಿಕಸ್ ಪ್ರಭೇದ ಅಥವಾ ಕೊರೊಮಾಂಡ್ರ ಪ್ರಭೇದ ಅಂತ ದನಿಯೊಂದರಿಂದಲೇ ನಾನು ಹೇಳುವುದಿಲ್ಲ.

ನಾಲ್ಕು ಗೀರಿನ ಬಗ್ಗೆ ಒಂದು ಮಾತು. ಬ್ರಿಟನ್ನಿನ ಪಿಪಿಸ್ಟ್ರೆಲ್‌ಗಳೂ ಹೆಚ್ಚುಕಡಿಮೆ ಇಂಥದ್ದೇ ಕರೆ ಹಾಕುತ್ತವೆ. 1997ರಲ್ಲಿ ಬಾರ್ಲೋ ಮತ್ತು ಜೋನ್ಸ್ ಅನ್ನುವ ಸಂಶೋಧಕರು ಅದನ್ನೇ ಸ್ಪೀಕರಿನಲ್ಲಿ ನುಡಿಸಿ ನೋಡಿದರು. ಹುಳ ಕಡಿಮೆ ಇದ್ದಾಗ ಬಾವಲಿಗಳು ಈ ಕರೆಯನ್ನು ಹೆಚ್ಚು ಹಾಕುತ್ತಿದ್ದವು, ನುಡಿಸಿದಾಗ ಅದೇ ಪ್ರಭೇದದವು ಆ ಜಾಗದಿಂದ ಸರಿಯುತ್ತಿದ್ದವು. ‘ಇಲ್ಲಿ ನಾನು ಮೇಯ್ತಿದ್ದೇನೆ, ನೀನು ಆಚೆ ಹೋಗು’ ಅನ್ನುವ ಮಾತು ಅದು. ನಿಮ್ಮಲ್ಲೂ ಅದೇ ಅರ್ಥವೋ ಏನೋ ನೋಡಬೇಕಾದ್ದು. ಗೋಡೌನ್ ದೀಪಕ್ಕೆ ಹುಳ ಮುತ್ತಿದ ದಿನ, ಮುತ್ತದ ದಿನ ಅಂತ ಬರೆದಿಡಿ.

ಎರಡನೇ ದನಿ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡವು ಹೋದ ಮೇಲೆ, ಒಂದೇ ಜಾಗದಿಂದ, ನಿಲ್ಲಿಸದೆ ಬರುವ ತಗ್ಗಿನ ಕರೆ ಸಾಮಾನ್ಯವಾಗಿ ಮರಿಯದು. ಖಾತ್ರಿ ಮಾಡಿಕೊಳ್ಳಿ: ತಾಯಿ ವಾಪಸು ಬಂದಾಗ ಅದು ನಿಲ್ಲುತ್ತದೆಯೇ? ಬರುವ ತಾಯಿ ಉತ್ತರ ಕೊಡುತ್ತದೆಯೇ? ಅಲ್ಲಿಯವರೆಗೆ ಒಂದು ಹೆಂಚನ್ನೂ ಎತ್ತಿ ನೋಡಬೇಡಿ.

ವಿರಾಜಪೇಟೆ_ಹಿರಿಯ · ಏಪ್ರಿಲ್ 20, ಮಧ್ಯಾಹ್ನ 1.05

ಮಗಳೇ, ಈ ಸ್ಯಾಂಪಲ್ ರೇಟು ನನಗೆ ಗೊತ್ತಿಲ್ಲ. ಆದರೆ ಹೆಂಚಿನ ವಿಷಯ ಗೊತ್ತು, ಅದಕ್ಕೇ ಬರೀತಿದ್ದೇನೆ.

ನಮ್ಮ ಐನ್‌ಮನೆಯ ಅಟ್ಟದಲ್ಲೂ ಇವಿದ್ದವು. ಮೂವತ್ತು ವರ್ಷದ ಹಿಂದಿನ ಮಾತು. ಹಿಕ್ಕೆ ವಾಸನೆ ತಡೆಯೋಕೆ ಆಗ್ತಿಲ್ಲ ಅಂತ ಒಂದು ಸಂಜೆ ಎಲ್ಲವೂ ಹೊರಗೆ ಹೋದ ಮೇಲೆ ನಾನೇ ಏಣಿ ಹತ್ತಿ ಸಂದಿಗಳಿಗೆ ಗಾರೆ ಮೆತ್ತಿದೆ. ಹೊರಗೆ ಹೋದ ಮೇಲೆ ಮುಚ್ಚಿದ್ದಲ್ಲವೇ, ಒಂದೂ ಸಾಯಲಿಲ್ಲ ಅಂತ ಸಮಾಧಾನದಲ್ಲಿದ್ದೆ. ಆ ರಾತ್ರಿಯೆಲ್ಲ ಅವು ಗೋಡೆಗೆ ಬಂದು ಬಂದು ಬಡಿದವು. ಯಾಕೆ ಅಂತ ಹೊಳೆಯಲಿಲ್ಲ. ನಾಲ್ಕನೇ ದಿನ ಅಟ್ಟ ಗುಡಿಸುವಾಗ ಸಿಕ್ಕಿದವು: ಕೂದಲೂ ಬಂದಿರದ ಮರಿಗಳು, ಕಡಲೆಬೀಜದಷ್ಟು, ಒಣಗಿಹೋಗಿದ್ದವು. ಹನ್ನೊಂದು ಎಣಿಸಿ ಮುಂದೆ ಎಣಿಸಲಿಲ್ಲ.

ಅವು ಕೂಗಿರಬೇಕಲ್ಲ, ಮೂರು ದಿನ. ನಮಗೆ ಕೇಳಿಸಲಿಲ್ಲ. ನಿನ್ನ ಹತ್ತಿರ ಕೇಳಿಸುವ ಯಂತ್ರ ಇದೆ. ಚಿಕ್ಕಪ್ಪನಿಗೆ ಹೇಳು.

ಸಿದ್ದಾಪುರ_ಪ್ಲಾಂಟರ್ · ಏಪ್ರಿಲ್ 20, ಸಂಜೆ 4.30

ನಿಪಾ ವೈರಸ್ ಭಯ ಇಲ್ಲವೇ? ಪಕ್ಕದ ಕೇರಳದಲ್ಲೇ ಬಂದದ್ದು. ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂದರೆ ಯೋಚಿಸಬೇಕಾದ್ದೇ.

ರಾತ್ರಿಕಿವಿ_ಮೈಸೂರು · ಏಪ್ರಿಲ್ 20, ಸಂಜೆ 5.10

ಕೇಳಿದ್ದು ಸರಿಯೇ ಸರ್. 2018ರಲ್ಲಿ ಕೋಝಿಕ್ಕೋಡ್ ಕಡೆ ಬಂದ ನಿಪಾ ಹಣ್ಣು ತಿನ್ನುವ ದೊಡ್ಡ ಬಾವಲಿ, ಟೆರೋಪಸ್‌ಗೆ ಸಂಬಂಧಪಟ್ಟದ್ದು. ಹೆಂಚಿನ ಸಂದಿಯಲ್ಲಿರುವ ಇವು ಹುಳ ತಿನ್ನುವವು. ಹಾಗಂತ ಯಾವ ಬಾವಲಿಯನ್ನೂ ಬರಿಗೈಲಿ ಮುಟ್ಟಬಾರದು. ನೆಲಕ್ಕೆ ಬಿದ್ದದ್ದನ್ನಂತೂ ಮುಟ್ಟಲೇಬಾರದು, ರೇಬೀಸ್ ವಿಷಯದಲ್ಲಿ ಎಚ್ಚರ ಬೇಕು. ಹಿಕ್ಕೆ ಗುಡಿಸುವಾಗ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಬಾವಲಿ ಕಚ್ಚಿದ ಪೇರಲೆ, ಚಿಕ್ಕು ತಿನ್ನಬೇಡಿ. ಮೈಕ್ ಇಟ್ಟು ದೂರದಿಂದ ಕೇಳುವುದರಿಂದ ಯಾರಿಗೂ ಏನೂ ಆಗುವುದಿಲ್ಲ.

ಪೊನ್ನಂಪೇಟೆ_ವಿದ್ಯಾರ್ಥಿ · ಏಪ್ರಿಲ್ 21, ರಾತ್ರಿ 9.20

ಅಕ್ಕಾ, 192ರಲ್ಲಿ ಮಾಡಿದ್ದೀರಿ, 384ರಲ್ಲಿ ಯಾಕೆ ಮಾಡಲಿಲ್ಲ? ಆಡಿಯೋಮಾತ್ ಅಷ್ಟರವರೆಗೂ ಹೋಗುತ್ತದಲ್ಲ. ಸ್ಯಾಂಪಲ್ ರೇಟಿನ ಅರ್ಧಕ್ಕಿಂತ ಮೇಲಿನ ದನಿಯನ್ನು ಹಿಡಿಯಲ್ಲ ಅಂತ ಓದಿದ್ದೇನೆ.

ಕಕ್ಕಬ್ಬೆ_ತೋಟ · ಏಪ್ರಿಲ್ 21, ರಾತ್ರಿ 9.45

ಕಾರ್ಡ್ ತುಂಬಿಹೋಗುತ್ತದೆ ತಮ್ಮಾ. 384ರಲ್ಲಿ ಮೂರು ಗಂಟೆಗೆ 8 ಜಿಬಿ ದಾಟುತ್ತದೆ. ಹತ್ತು ದಿನ ಅಂದರೆ ನನ್ನ ಹಳೇ ಲ್ಯಾಪ್‌ಟಾಪ್ ಕೈಯೆತ್ತುತ್ತದೆ.

ರಾತ್ರಿಕಿವಿ_ಮೈಸೂರು · ಏಪ್ರಿಲ್ 22, ಬೆಳಿಗ್ಗೆ 6.00

ಇಬ್ಬರೂ ಹೇಳಿದ್ದು ಸರಿ. 192ರಲ್ಲಿ 96 ಕಿಲೋಹರ್ಟ್ಸ್‌ವರೆಗೆ ಸಿಗುತ್ತದೆ. ಪಿಪಿಸ್ಟ್ರೆಲ್‌ಗಳಿಗೂ ಅವುಗಳ ಸೋಶಿಯಲ್ ಕಾಲ್‌ಗೂ ಅದು ಧಾರಾಳ ಸಾಕು. ಆದರೆ ಹೊಳೆ ಬದಿಗೋ ದೇವರಕಾಡಿಗೋ ಹೋದರೆ 384 ಬೇಕು. ಎಲೆಮೂಗಿನ ಬಾವಲಿ ಹಿಪ್ಪೊಸಿಡೆರಸ್ ಸ್ಪಿಯೋರಿಸ್ 130ರ ಮೇಲೆ ಕೂಗುತ್ತದೆ, 192ರ ಫೈಲಿನಲ್ಲಿ ಅದು ಇಲ್ಲವೇ ಇಲ್ಲ. ಕೊಡಗಿನ ತೇವದ ಗಾಳಿಯಲ್ಲಿ ಅಷ್ಟು ಎತ್ತರದ ದನಿ ಕೆಲವೇ ಮೀಟರ್ ಸಾಗುತ್ತದೆ. ಹಿಡಿಯಬೇಕಾದರೆ ಅದು ಓಡಾಡುವ ದಾರಿಯಲ್ಲೇ ಮೈಕ್ ಇರಬೇಕು.

ಕುದುರೆಲಾಳದ ಬಾವಲಿಗಳ ವಿಷಯ ಬಂದರೆ ನನಗೆ ಮಾತು ಮುಗಿಯುವುದಿಲ್ಲ. ದಕ್ಷಿಣ ಭಾರತದ ರೈನೊಲೋಫಸ್ ರೌಕ್ಸಿ ಎಂದು ಎಲ್ಲರೂ ಕರೆಯುತ್ತಿದ್ದುದರಲ್ಲಿ ಕೆಲವು 80 ಕಿಲೋಹರ್ಟ್ಸ್ ಆಸುಪಾಸು, ಕೆಲವು 90ರ ಆಸುಪಾಸು ಕೂಗುತ್ತಿದ್ದವು. ನೋಡೋಕೆ ಒಂದೇ ಥರ. ಡಿಎನ್‌ಎ ನೋಡಿದರೆ ಅವು ಎರಡು ಪ್ರಭೇದ. 2012ರಲ್ಲಿ ಎರಡನೆಯದಕ್ಕೆ ಇಂಡೊರೌಕ್ಸಿ ಅಂತ ಹೆಸರಾಯಿತು. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಮೊದಲು ಹಿಡಿದುಕೊಟ್ಟದ್ದು ದನಿ. ಹಾಗಾಗಿ ಯಾವ ಫೈಲನ್ನೂ ‘ಇದು ಗದ್ದಲ’ ಅಂತ ಎಸೆಯಬೇಡಿ.

ಇನ್ನೊಂದು ಮಾತು ಮೇಡಂ. ಮೈಕನ್ನು ಗೋಡೆಗೆ ತಾಗಿಸಿ ಕಟ್ಟಿದ್ದೀರಿ, ಅದಕ್ಕೇ ಪ್ರತಿ ಕರೆಯ ಹಿಂದೆಯೂ ನೆರಳಿನ ಹಾಗೆ ಇನ್ನೊಂದು ಕಾಣ್ತಿದೆ. ಅದು ಗೋಡೆಯ ಪ್ರತಿಧ್ವನಿ. ಬಿದಿರು ಗಳಕ್ಕೆ ಕಟ್ಟಿ ಗೋಡೆಯಿಂದ ಎರಡು ಮೀಟರ್ ಆಚೆ ನಿಲ್ಲಿಸಿ.

ಕಕ್ಕಬ್ಬೆ_ತೋಟ · ಏಪ್ರಿಲ್ 27, ರಾತ್ರಿ 11.30

ಐದು ಸಂಜೆ ಕಣದಲ್ಲೇ ಕೂತಿದ್ದೆ. ಗಳಕ್ಕೆ ಕಟ್ಟಿದ ಮೇಲೆ ಫೈಲು ಎಷ್ಟು ಸ್ವಚ್ಛ! ಆ ನೆರಳುಗಳೆಲ್ಲ ಹೋದವು. ಮಿಡತೆಗಳ ಕಾಟ ಮಾತ್ರ ಇದೆ, 15ರಿಂದ 30ರ ನಡುವೆ ಕಂಬಳಿ ಹಾಸಿದ ಹಾಗೆ ತುಂಬಿಕೊಳ್ಳುತ್ತವೆ. ಸಿಲ್ವರ್ ಓಕ್ ಕಡೆಗೆ ಬೆನ್ನು ಮಾಡಿ ಗೋಡೌನ್ ಕಡೆ ಮೈಕ್ ತಿರುಗಿಸಿದ ಮೇಲೆ ಸ್ವಲ್ಪ ತಗ್ಗಿತು.

ನಿನ್ನೆಯದನ್ನು ನೋಡಿದ ಹಾಗೇ ಬರೆಯುತ್ತೇನೆ. 6.48ಕ್ಕೆ ಮೊದಲನೆಯದು ಹೊರಬಿತ್ತು. ಹೆಂಚಿನ ತುದಿಯಲ್ಲಿ ಮೂಗು ಕಾಣಿಸಿತು, ಆಮೇಲೆ ಕೈಬಿಟ್ಟ ಹಾಗೆ ಕೆಳಗೆ ಬಿದ್ದು, ನೆಲಕ್ಕೆ ಒಂದು ಮೊಳ ಇರುವಾಗ ರೆಕ್ಕೆ ಬಿಚ್ಚಿ ಕಾಫಿಗಿಡಗಳ ಮೇಲೆ ಹೋಯಿತು. 7.10ರೊಳಗೆ 31 ಎಣಿಸಿದೆ. ಅಷ್ಟರಲ್ಲೇ ಆ ಡೊಂಕು ಕರೆ ಶುರು. ಮೂರು ಜಾಗದಿಂದ ಬರುತ್ತಿತ್ತು, ಮೈಕ್ ಸರಿಸಿ ಸರಿಸಿ ನೋಡಿದೆ. 7.36ಕ್ಕೆ ಒಂದು ವಾಪಸು ಬಂತು. ನೇರ ಒಳಗೆ ಹೋಗಲಿಲ್ಲ, ಸಂದಿಯ ಮುಂದೆ ನಾಲ್ಕು ಸಲ ಸುತ್ತಿತು. ಫೈಲಿನಲ್ಲಿ ಅದೇ ಹೊತ್ತಿಗೆ ಎರಡು ದನಿ ಒಂದರ ಹಿಂದೆ ಒಂದು ಬರುತ್ತವೆ: ಡೊಂಕು ಕರೆ, ಅದಕ್ಕೆ ಇನ್ನೊಂದು ಚಿಕ್ಕ ಬಾಗಿದ ಕರೆ, ಮತ್ತೆ ಡೊಂಕು ಕರೆ. ಬಾವಲಿ ಒಳಗೆ ಹೋಯಿತು. ಆ ಜಾಗದ ಕರೆ ನಿಂತಿತು. ಉಳಿದ ಎರಡು ಜಾಗದ್ದು ನಿಲ್ಲಲಿಲ್ಲ.

ಹತ್ತು ಪಟ್ಟು ನಿಧಾನ ಮಾಡಿ ಸ್ಪೀಕರಿನಲ್ಲಿ ಹಾಕಿದೆ. 20 ಕಿಲೋಹರ್ಟ್ಸ್‌ನದು 2ಕ್ಕೆ ಇಳಿಯುತ್ತದೆ, ನಮ್ಮ ಕಿವಿಗೆ ಸರಿಯಾಗಿ ಸಿಗುತ್ತದೆ. ಅವ್ವ ಅಕ್ಕಿ ಆರಿಸುತ್ತ ಕೂತಿದ್ದರು. ಏನು ಅಂತ ನಾನು ಹೇಳಿರಲಿಲ್ಲ. ಮೊರ ಕೆಳಗಿಟ್ಟು, ‘ಯಾವುದರ ಮರಿ ಅದು, ಇಷ್ಟು ಕರೀತಿದೆ?’ ಅಂತ ಕೇಳಿದರು.

ಇನ್ನೊಂದು: ಗೋಡೌನ್ ನೆಲದ ಹಿಕ್ಕೆಯನ್ನು ಇಲಿಯದು ಅಂತ ಚಿಕ್ಕಪ್ಪ ವಾದಿಸುತ್ತಿದ್ದರು. ಕಾಗದದ ಮೇಲೆ ಹಾಕಿ ಕಡ್ಡಿಯಿಂದ ಒತ್ತಿದರೆ ಪುಡಿಪುಡಿಯಾಗುತ್ತದೆ. ಟಾರ್ಚ್ ಬಿಟ್ಟರೆ ಒಳಗೆ ಹುಳಗಳ ರೆಕ್ಕೆಚೂರು ಮಿಣಮಿಣ ಅನ್ನುತ್ತದೆ. ಇಲಿಯದು ಹೀಗೆ ಪುಡಿಯಾಗುವುದಿಲ್ಲ.

ರಾತ್ರಿಕಿವಿ_ಮೈಸೂರು · ಏಪ್ರಿಲ್ 28, ಬೆಳಿಗ್ಗೆ 5.50

ಇಂಥ ಟಿಪ್ಪಣಿ ಜೊತೆಗಿದ್ದರೆ ಮಾತ್ರ ರೆಕಾರ್ಡಿಂಗಿಗೆ ಬೆಲೆ. 7.36ರ ಫೈಲು ಮೂರು ಸಲ ನೋಡಿದೆ. ಮರಿ ಕರೆದಿದೆ, ತಾಯಿ ಉತ್ತರ ಕೊಟ್ಟಿದೆ. ಪ್ರತಿ ಮರಿಯ ಕರೆಯ ಡೊಂಕು ಬೇರೆ ಬೇರೆ ಇರುತ್ತದೆ. ಟೆಕ್ಸಾಸಿನ ಗುಹೆಗಳಲ್ಲಿ ಲಕ್ಷಗಟ್ಟಲೆ ಮರಿಗಳ ನಡುವೆ ಮೆಕ್ಸಿಕನ್ ಫ್ರೀ-ಟೇಲ್ಡ್ ಬಾವಲಿ ತಾಯಂದಿರು ತಮ್ಮ ಮರಿಯನ್ನು ದನಿಯಿಂದ, ವಾಸನೆಯಿಂದ ಹುಡುಕಿಕೊಳ್ಳುತ್ತವೆ. ನಿಮ್ಮ ಮೂರು ಜಾಗದ ಗೆರೆಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿ, ವ್ಯತ್ಯಾಸ ಕಾಣುತ್ತದೆ.

ಅರ್ಥ ಹೇಳುವಾಗ ಮಾತ್ರ ಅವಸರ ಬೇಡ. 2016ರಲ್ಲಿ ಟೆಲ್ ಅವಿವ್ ವಿಶ್ವವಿದ್ಯಾಲಯದವರು ಈಜಿಪ್ಟಿನ ಹಣ್ಣುಬಾವಲಿಗಳ ಸುಮಾರು 15,000 ಕರೆ ಬಿಡಿಸಿದರು. ನಮ್ಮ ಕಿವಿಗೆ ಬರೀ ಕಿತ್ತಾಟದ ಹಾಗೆ ಕೇಳಿಸುವುದರಲ್ಲಿ ಯಾರು ಕೂಗಿದ್ದು, ಊಟಕ್ಕೋ ಮಲಗುವ ಜಾಗಕ್ಕೋ ಜಗಳ ಅನ್ನುವುದರ ಸುಳಿವಿತ್ತು. ಆದರೆ ಅದು ಸಾಧ್ಯವಾದದ್ದು ಪ್ರತಿ ಕರೆಯ ಜೊತೆಗೂ ವಿಡಿಯೋ ಇದ್ದುದರಿಂದ. ನೀವು ಕಣದಲ್ಲಿ ಕೂತು ನೋಡಿ ಬರೆದದ್ದು ಅದೇ ಕೆಲಸ.

ಸಾಮಾನ್ಯವಾಗಿ ಇಷ್ಟು ಸಣ್ಣ ಬಾವಲಿಯ ಮರಿ ಮೂರರಿಂದ ಐದು ವಾರದಲ್ಲಿ ಹಾರುತ್ತದೆ. ಬೆಳೆದ ಹಾಗೆ ಕರೆ ಮೇಲೇರುತ್ತದೆ, ಗಿಡ್ಡವಾಗುತ್ತದೆ. ವಾರಕ್ಕೊಮ್ಮೆ ಅಳೆಯಿರಿ. ಹೆಂಚು ಯಾವಾಗ ಎತ್ತಬಹುದು ಅಂತ ಆ ಗೆರೆಗಳೇ ಹೇಳುತ್ತವೆ.

ಶನಿವಾರಸಂತೆ_ಟೀಚರ್ · ಏಪ್ರಿಲ್ 29, ಸಂಜೆ 7.00

ಶಾಲೆ ಮಕ್ಕಳಿಗೆ ಇದನ್ನು ತೋರಿಸಬೇಕು ಅಂತ ಆಸೆ. ಆದರೆ ಇಂಥ ಯಂತ್ರ ಕೊಳ್ಳೋಕೆ ನಮ್ಮಲ್ಲಿ ಆಗುವುದಿಲ್ಲ. ಫೋನಿನಲ್ಲೇ ಏನಾದರೂ ಮಾಡಬಹುದೇ?

ರಾತ್ರಿಕಿವಿ_ಮೈಸೂರು · ಏಪ್ರಿಲ್ 29, ರಾತ್ರಿ 8.15

ಖಂಡಿತ ಮಾಡಬಹುದು ಟೀಚರ್. ಹಣ್ಣುಬಾವಲಿಗಳ ಜಗಳ, ಕಿರುಚಾಟ ನಮ್ಮ ಕಿವಿಗೇ ಕೇಳುತ್ತದೆ, ಹಾಗಾಗಿ ಫೋನಿಗೂ ಕೇಳುತ್ತದೆ. ಫೋನು 20 ಕಿಲೋಹರ್ಟ್ಸ್ ಚಿಲ್ಲರೆಯವರೆಗೆ ಹಿಡಿದರೆ ಹೆಚ್ಚು. ನಿಮ್ಮ ಕಡೆ ಬೈನೆ ಮರ ಇದ್ದರೆ ಗೊನೆಯನ್ನು ಗಮನಿಸಿ. ಸಿನೊಪ್ಟೆರಸ್ ಸ್ಫಿಂಕ್ಸ್ ಅನ್ನುವ ಹಣ್ಣುಬಾವಲಿಯ ಗಂಡು ಅದರ ನಡುವಿನ ಎಳೆಗಳನ್ನು ಕಡಿದು ಗುಡಾರ ಮಾಡಿಕೊಂಡು, ಹೆಣ್ಣುಗಳ ಗುಂಪು ಕಟ್ಟಿಕೊಂಡಿರುತ್ತದೆ. ಅತ್ತಿ ಹಣ್ಣಾದಾಗ ಮರದಿಂದ ದೂರ ನಿಂತು ಮಕ್ಕಳು ಐದು ನಿಮಿಷ ರೆಕಾರ್ಡ್ ಮಾಡಲಿ. ಆಡಾಸಿಟಿ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಸ್ಪೆಕ್ಟ್ರೋಗ್ರಾಂ ತೆಗೆದು ಗೋಡೆಗೆ ಅಂಟಿಸಿ. ಮರದ ಕೆಳಗೆ ನಿಲ್ಲಿಸಬೇಡಿ, ಬಿದ್ದ ಹಣ್ಣು ಮುಟ್ಟಿಸಬೇಡಿ.

ಹಣ್ಣುಬಾವಲಿಗಳು ನಮ್ಮ ಕಾನೂನಿನಲ್ಲಿ ಕಾಗೆ, ಇಲಿಗಳ ಜೊತೆ ಪೀಡೆಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆ ಪಟ್ಟಿಯೇ ಹೋಯಿತು. ಇದನ್ನೂ ಮಕ್ಕಳಿಗೆ ಹೇಳಿ.

ವಿರಾಜಪೇಟೆ_ಹಿರಿಯ · ಏಪ್ರಿಲ್ 29, ರಾತ್ರಿ 9.00

ಕಾಫಿ ಹಣ್ಣು ತಿಂದು ಬೀಜ ಉಗುಳುವುದೂ ಹಣ್ಣುಬಾವಲಿಗಳೇ. ನಮ್ಮಪ್ಪ ಆ ಬೀಜ ಆರಿಸಿ ತಂದು ಮನೆ ಖರ್ಚಿಗೆ ಇಟ್ಟುಕೊಳ್ಳುತ್ತಿದ್ದರು. ಬಾವಲಿ ಚೆನ್ನಾಗಿ ಹಣ್ಣಾದದ್ದನ್ನೇ ಆರಿಸುತ್ತದೆ ಅನ್ನೋರು. ಚಿಕ್ಕಪ್ಪ ಏನಂದರು ಮಗಳೇ?

ಕಕ್ಕಬ್ಬೆ_ತೋಟ · ಮೇ 4, ರಾತ್ರಿ 10.10

ಅಂಕಲ್, ನೀವು ಬರೆದದ್ದನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸಂಜೆ ತಾವಾಗಿಯೇ ಕಣಕ್ಕೆ ಬಂದು ಕುರ್ಚಿ ಹಾಕಿಕೊಂಡರು. ಹೊರಗೆ ಬಂದವನ್ನು ನನ್ನ ಜೊತೆ ಎಣಿಸಿದರು, ಅವರ ಲೆಕ್ಕ 29, ನನ್ನದು 30. ಆಮೇಲೆ ನಿಧಾನ ಮಾಡಿದ ಫೈಲು ಕೇಳಿಸಿದೆ. ಎರಡನೇ ಸಲ ಹಾಕು ಅಂದರು. ಮಾರನೇ ದಿನ ಹೆಂಚಿನ ಕೆಲಸದವರಿಗೆ ಫೋನ್ ಮಾಡಿ ಮೇ ಕೊನೆಗೆ ಬನ್ನಿ ಅಂದಿದ್ದಾರೆ. ಅಷ್ಟರಲ್ಲಿ ಮಳೆ ಹಿಡಿದುಕೊಂಡರೆ ಗೋಡೌನಿನಲ್ಲಿರುವ ಚೀಲಗಳ ಗತಿ ಏನು ಅಂತ ಅವರಿಗೆ ಚಿಂತೆ ಇದೆ, ಅದೂ ನ್ಯಾಯವೇ. ಚೀಲಗಳನ್ನು ಮನೆಯ ಹಿಂದಿನ ಕೋಣೆಗೆ ಸಾಗಿಸಿದೆವು.

ಅಳತೆ: ಏಪ್ರಿಲ್ 26ಕ್ಕೆ ಮರಿಗಳ ಕರೆ 19ರಿಂದ 22 ಕಿಲೋಹರ್ಟ್ಸ್, ಉದ್ದ ಸುಮಾರು 30 ಮಿಲಿಸೆಕೆಂಡ್. ಮೇ 3ಕ್ಕೆ 26, ಉದ್ದ 20ಕ್ಕೆ ಇಳಿದಿದೆ.

ಪೊನ್ನಂಪೇಟೆ_ವಿದ್ಯಾರ್ಥಿ · ಮೇ 12, ರಾತ್ರಿ 8.40

ಅಕ್ಕಾ, ಈ ಫೈಲುಗಳನ್ನು ಕೈರೋವಾಕ್ಸ್‌ಗೆ ಹಾಕಬಹುದಲ್ಲ? ಜಗತ್ತಿನ ಬಾವಲಿಗಳ ದನಿ ಸಂಗ್ರಹ ಅದು. ನಮ್ಮ ಕಡೆಯ ತಾಯಿ ಮರಿ ದನಿ ಹಾಕಿದರೆ ಮುಂದಿನವರಿಗೆ ಉಪಯೋಗವಾಗುತ್ತದೆ.

ರಾತ್ರಿಕಿವಿ_ಮೈಸೂರು · ಮೇ 13, ಬೆಳಿಗ್ಗೆ 6.30

ಒಳ್ಳೇ ಯೋಚನೆ, ಆದರೆ ಅಂಥ ಸಂಗ್ರಹಕ್ಕೆ ಪ್ರಭೇದದ ಹೆಸರು ಖಚಿತವಾಗಿ ಬೇಕು. ಹೆಸರು ಖಚಿತವಾಗಲು ಅನುಮತಿ ಇರುವ ಸಂಶೋಧಕರು ಬಂದು ಬಲೆಯಲ್ಲಿ ಒಂದನ್ನು ಹಿಡಿದು, ಅಳೆದು ಬಿಡಬೇಕು. ಅರಣ್ಯ ಇಲಾಖೆ ಅನುಮತಿ ಇಲ್ಲದೆ ನಾವ್ಯಾರೂ ಅದಕ್ಕೆ ಕೈ ಹಾಕಬಾರದು, ಮರಿಗಳಿರುವಾಗಂತೂ ಸುಮ್ಮನಿರಬೇಕು. ಮೂಲ ಫೈಲುಗಳನ್ನು ಕತ್ತರಿಸದೆ ಇಟ್ಟುಕೊಳ್ಳಿ. ಎಂಪಿ3 ಮಾಡಬೇಡಿ, ಮಾಡಿದರೆ ಮೇಲಿನ ದನಿಯೆಲ್ಲ ಹೋಗುತ್ತದೆ. ಮಳೆ ಶುರುವಾದರೆ ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುತ್ತೀರಲ್ಲ, ಒಳಗೆ ಸಿಲಿಕಾ ಪೊಟ್ಟಣ ಹಾಕಿ. ಚೀಲ ಮೈಕಿನ ಬಾಯಿಗೆ ಬಿಗಿಯಾಗಿ ಕೂತಿರಲಿ, ಸುಕ್ಕಾದರೆ ಎತ್ತರದ ದನಿಯನ್ನು ನುಂಗುತ್ತದೆ.

ಕಕ್ಕಬ್ಬೆ_ತೋಟ · ಮೇ 31, ರಾತ್ರಿ 9.50

ತುಂಬ ದಿನವಾಯಿತು, ಕ್ಷಮಿಸಿ. ಮೇ 17ಕ್ಕೆ ಕರೆ 34ಕ್ಕೆ ಏರಿತ್ತು, ಉದ್ದ 10ರ ಆಸುಪಾಸು. 21ಕ್ಕೆ ಮೊದಲ ಸಲ ಸಂದಿಯ ತುದಿಯಲ್ಲಿ ಸಣ್ಣ ಮುಖ ಕಾಣಿಸಿತು, ದೊಡ್ಡವಕ್ಕಿಂತ ಕಪ್ಪು ಬಣ್ಣ. ಹಾರಲಿಲ್ಲ, ಹಿಂದೆ ಸರಿಯಿತು. 24ಕ್ಕೆ ಲೆಕ್ಕ 31ರಿಂದ 38ಕ್ಕೆ ಹೋಯಿತು. ಹೊಸವು ಕಣದ ಮೇಲೆ ಅಡ್ಡಾದಿಡ್ಡಿ ಹಾರುತ್ತ ಇದ್ದವು, ಒಂದು ಬಟ್ಟೆ ಒಣಗಿಸುವ ತಂತಿ ಹತ್ತಿರದವರೆಗೂ ಬಂದು ತಿರುಗಿತು. 27ಕ್ಕೆ 44. ಆ ರಾತ್ರಿ 7.10ರ ಮೇಲೆ ಹೆಂಚಿನ ಕಡೆಯಿಂದ ಒಂದೇ ಒಂದು ಡೊಂಕು ಕರೆ ಬರಲಿಲ್ಲ. 28ಕ್ಕೂ ಇಲ್ಲ.

ನಿನ್ನೆ ಎಲ್ಲವೂ ಹೊರಗೆ ಹೋಗಿ, ಯಂತ್ರ ಅರ್ಧ ಗಂಟೆ ಏನೂ ಕೇಳಿಸದೆ ಇದ್ದುದನ್ನು ನೋಡಿದ ಮೇಲೆ, ಇವತ್ತು ಬೆಳಿಗ್ಗೆ ಮನೆ ಕಡೆಯ ಎರಡು ಸಾಲು ಹೆಂಚು ಕೈಯಾಡಿಸಿದರು. ಅಲ್ಲಿ ಒಂದೂ ಇರಲಿಲ್ಲ. ತೋಟದ ಕಡೆಯ ಮೂರು ಸಂದಿಗಳನ್ನು ಮುಟ್ಟಲೇ ಇಲ್ಲ. ಚಿಕ್ಕಪ್ಪನೇ ಕೆಲಸದವರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟಿದ್ದರು. ಕೆಳಗೆ ಹಿಕ್ಕೆ ಬೀಳುವ ಕಡೆ ಒಂದು ಹಳೇ ತಗಡು ಇಟ್ಟಿದ್ದೇವೆ. ಅದನ್ನು ಮಳೆ ಮುಗಿದ ಮೇಲೆ ಮೆಣಸಿನ ಬಳ್ಳಿ ಬುಡಕ್ಕೆ ಹಾಕಬೇಕು ಅಂತ ಅವ್ವ.

ಈಗ ಮಳೆ ಶುರುವಾಗಿದೆ, ಹೆಂಚಿನ ಮೇಲೆ ಬೀಳುವ ಸದ್ದು ಬಿಟ್ಟು ಮೈಕಿಗೆ ಬೇರೇನೂ ಸಿಗುತ್ತಿಲ್ಲ. 34 ರಾತ್ರಿಯ ಫೈಲು, ಎಣಿಕೆ, ಹುಳ ಮುತ್ತಿದ ದಿನಗಳ ಪಟ್ಟಿ ಎಲ್ಲ ಕೊಂಡಿಯಲ್ಲಿ ಹಾಕಿದ್ದೇನೆ. ಹೆಸರಿನ ಕಡೆ ‘ಪಿಪಿಸ್ಟ್ರೆಲ್ ಗುಂಪು, ತಾಯಿ ಮತ್ತು ಮರಿ, ಕಕ್ಕಬ್ಬೆ’ ಅಂತ ಮಾತ್ರ ಬರೆದಿದ್ದೇನೆ ಸರ್. ಸರಿಯಾಗಿದೆಯೇ ನೋಡಿ ಹೇಳಿ.

ರಾತ್ರಿಕಿವಿ_ಮೈಸೂರು · ಜೂನ್ 1, ಬೆಳಿಗ್ಗೆ 5.40

ಸರಿಯಾಗಿದೆ. ತಿಂಗಳು, ವರ್ಷ ಸೇರಿಸಿ. ಅಕ್ಟೋಬರಿನಲ್ಲಿ ಮತ್ತೆ ಗಳ ನಿಲ್ಲಿಸಿ, ಆಗ ಗಂಡುಗಳು ಬೇರೆ ಏನಾದರೂ ಕೂಗುತ್ತವೆಯೇ ನೋಡೋಣ.